ಪೂರ್ತಿ ಸೆಟ್ ಒಟ್ಟಿಗೆ ಕೊಳ್ಳಬೇಕೇ? ಹೊಸ ಡೈವರ್ ಒಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಹೋದ ವರ್ಷ ಸ್ಕೂಬಾ ಡೈವಿಂಗಿನ ಮೊದಲ ಹಂತವಾದ ಓಪನ್ ವಾಟರ್ ಕೋರ್ಸ್ ಮುಗಿಸಿದೆ. ಕೋರ್ಸಿನವೂ ಸೇರಿ ಈವರೆಗೆ ಒಂಬತ್ತು ಡೈವ್ ಆಗಿವೆ. ವರ್ಷಕ್ಕೆ ಒಂದೆರಡು ಸಲ, ರಜೆ ಸಿಕ್ಕಾಗ, ಬೆಚ್ಚಗಿನ ಸಮುದ್ರದಲ್ಲಷ್ಟೇ ಇಳಿಯುವವನು ನಾನು. ಕಳೆದ ಸಲ ಬಾಡಿಗೆಗೆ ಸಿಕ್ಕ, ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ರೆಗ್ಯುಲೇಟರ್‌ನಲ್ಲಿ ಪ್ರತಿ ಉಸಿರಿಗೂ ಉಪ್ಪುನೀರು ಬಾಯಿಗೆ ಬರುತ್ತಿತ್ತು. ಮಾಸ್ಕ್ ಮಂಜುಗಟ್ಟಿ ಸರಿಯಾಗಿ ಏನೂ ಕಾಣಲಿಲ್ಲ. ಎರಡೂ ಕಣ್ಣಿಗೆ ಮೈನಸ್ 3.5 ನಂಬರ್ ಇದೆ. ಬಾಡಿಗೆ ಸಾಮಾನಿನ ಸಹವಾಸವೇ ಬೇಡ, ಪೂರ್ತಿ ಸೆಟ್ ಕೊಂಡುಬಿಡೋಣ ಎಂದುಕೊಂಡಿದ್ದೇನೆ. ಅಂಗಡಿಯವರು ಒಟ್ಟಿಗೆ ತೆಗೆದುಕೊಂಡರೆ ರಿಯಾಯಿತಿ ಎನ್ನುತ್ತಾರೆ. ಪರಿಚಯದವರೊಬ್ಬರು ನಾಲ್ಕು ವರ್ಷದಿಂದ ಬಳಸದೆ ಇಟ್ಟಿರುವ, ‘ಹೊಸದರಂತೆಯೇ ಇರುವ’ ಸೆಟ್ಟನ್ನು ಅರ್ಧ ಬೆಲೆಗೆ ಕೊಡುತ್ತಾರಂತೆ. ಅಗ್ಗದ ರೆಗ್ಯುಲೇಟರ್ ಆಳದಲ್ಲಿ ಗಾಳಿ ನಿಲ್ಲಿಸಿಬಿಡುತ್ತದೆ ಎಂದು ಕೇಳಿದ್ದೇನೆ, ನಿಜವೇ? ಅರ್ಧ ಲೀಟರಿನ ಪುಟ್ಟ ಸಿಲಿಂಡರನ್ನು ಆಪತ್ತಿಗೆಂದು ಇಟ್ಟುಕೊಳ್ಳಬಹುದೇ? ದೊಡ್ಡ ಸಿಲಿಂಡರನ್ನೂ ಕೊಳ್ಳಬೇಕೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಸಂಗತಿಗಳು ಒಂದರೊಳಗೊಂದು ಸೇರಿಕೊಂಡಿವೆ. ಒಂದು, ಮೈಗೆ ಹೊಂದದ ಸಾಮಾನಿನ ಕಿರಿಕಿರಿ. ಇನ್ನೊಂದು, ಬಾಡಿಗೆ ಸಾಮಾನು ಎಲ್ಲಿ ಜೀವಕ್ಕೆ ಕುತ್ತು ತರುತ್ತದೋ ಎಂಬ ಭಯ. ಮೊದಲನೆಯದಕ್ಕೆ ಸ್ವಂತ ಸಾಮಾನೇ ಮದ್ದು, ಅದರಲ್ಲಿ ಎರಡು ಮಾತಿಲ್ಲ. ಎರಡನೆಯದಕ್ಕೆ ಮಾತ್ರ ಸ್ವಂತದ್ದು ಕೊಂಡ ಮಾತ್ರಕ್ಕೆ ಪರಿಹಾರ ಸಿಗುವುದಿಲ್ಲ. ವರ್ಷಕ್ಕೆ ಒಂದೆರಡು ಸಲ ಕಪಾಟಿನಿಂದ ಹೊರಬರುವ ಸ್ವಂತ ರೆಗ್ಯುಲೇಟರ್‌ಗಿಂತ, ವಾರವಿಡೀ ನೀರಿಗಿಳಿದು ಕಾಲಕಾಲಕ್ಕೆ ಸರ್ವಿಸ್ ಆಗುವ ಬಾಡಿಗೆ ರೆಗ್ಯುಲೇಟರ್ ಎಷ್ಟೋ ಸಲ ಮೇಲು. ಆದ್ದರಿಂದ ಪೂರ್ತಿ ಸೆಟ್ ಈಗ ಬೇಡ. ಯಾವುದು ಮೊದಲು, ಯಾವುದು ಆಮೇಲೆ, ಯಾಕೆ ಎಂಬುದನ್ನು ಒಂದೊಂದಾಗಿ ನೋಡೋಣ.

ಬಾಯಿಗೆ ನೀರು ಬಂದದ್ದರಿಂದ ಶುರುಮಾಡುತ್ತೇನೆ. ಇದಕ್ಕೆ ಸಾಮಾನ್ಯವಾಗಿ ಕಾರಣ ಮೂರರಲ್ಲೊಂದು. ಮೌತ್‌ಪೀಸ್ ಸೀಳಿರುತ್ತದೆ, ಅದೂ ಹಲ್ಲು ಕಚ್ಚುವ ಕಡೆ, ಇಲ್ಲವೇ ಅದನ್ನು ಬಿಗಿದಿರುವ ಪ್ಲಾಸ್ಟಿಕ್ ಟೈನ ಅಂಚಿನಲ್ಲಿ. ಸುಮ್ಮನೆ ನೋಡಿದರೆ ಕಾಣುವುದಿಲ್ಲ, ಬೆರಳಲ್ಲಿ ಎಳೆದರೆ ಸೀಳು ಬಾಯಿ ಬಿಡುತ್ತದೆ. ಎರಡನೆಯದು, ಬಿಟ್ಟ ಉಸಿರು ಹೊರಹೋಗುವ ಎಕ್ಸಾಸ್ಟ್ ವಾಲ್ವ್. ತೆಳ್ಳನೆಯ ರಬ್ಬರ್ ಬಿಲ್ಲೆ ಅದು. ಅಂಚಿಗೆ ಮರಳಿನ ಕಣವೋ ಕೂದಲೆಳೆಯೋ ಸಿಕ್ಕಿಕೊಂಡರೂ ಸಾಕು, ಪೂರ್ತಿ ಮುಚ್ಚದೆ ನೀರು ಒಳಗೆ ಬಿಡುತ್ತದೆ. ಮೂರನೆಯದು, ಉಸಿರೆಳೆದಾಗ ಒಳಬಾಗಿ ಗಾಳಿ ಬಿಡಿಸುವ ರಬ್ಬರ್ ಪರದೆ, ಅಂದರೆ ಡಯಾಫ್ರಮ್, ಹರಿದಿರುವುದು ಅಥವಾ ಸರಿಯಾಗಿ ಕೂರದಿರುವುದು. ಮೂರೂ ಸೆಕೆಂಡ್ ಸ್ಟೇಜಿನ, ಅಂದರೆ ರೆಗ್ಯುಲೇಟರಿನ ಬಾಯಲ್ಲಿಡುವ ಭಾಗದ, ಸಣ್ಣ ದೋಷಗಳು, ಮೂರೂ ನೀರಿಗಿಳಿಯುವ ಮೊದಲೇ ಗೊತ್ತಾಗುವಂಥವು. ಬಾಡಿಗೆ ಸೆಟ್ಟನ್ನು ಪರೀಕ್ಷಿಸಲು ಕಲಿತರೆ ನಿಮ್ಮ ಭಯ ಅರ್ಧ ಇಳಿದಂತೆ, ಮುಂದೆ ಸ್ವಂತದ್ದು ಕೊಂಡಾಗಲೂ ಇದೇ ಪರೀಕ್ಷೆ ಬೇಕು. ಹಾಗಾಗಿ ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಹತ್ತು ನಿಮಿಷದ ಪರೀಕ್ಷೆ

ಮೊದಲು ಫಸ್ಟ್ ಸ್ಟೇಜಿನ, ಅಂದರೆ ಸಿಲಿಂಡರಿಗೆ ಬಿಗಿಯುವ ಭಾಗದ, ಮುಚ್ಚಳ ತೆಗೆದು, ಸಿಲಿಂಡರ್‌ನಿಂದ ಗಾಳಿ ಒಳಬರುವ ಬಾಯಲ್ಲಿರುವ ಪುಟ್ಟ ಲೋಹದ ಫಿಲ್ಟರ್ ನೋಡಿ. ಅದು ಶುಭ್ರವಾಗಿ, ಲೋಹದ ಬಣ್ಣದಲ್ಲೇ ಇರಬೇಕು. ಹಸಿರು ಬಣ್ಣ ಕಂಡರೆ ಒಳಗೆ ನೀರು ಹೊಕ್ಕಿದೆ ಎಂದರ್ಥ. ಇಟ್ಟಿಗೆಗೆಂಪು ಇದ್ದರೆ ಯಾವುದೋ ಉಕ್ಕಿನ ಸಿಲಿಂಡರ್ ಒಳಗೆ ತುಕ್ಕು ಹಿಡಿದಿದ್ದು, ಅದರ ಪುಡಿ ಇಲ್ಲಿಗೆ ಬಂದಿದೆ. ಕಪ್ಪಗಿದ್ದರೆ ಕಂಪ್ರೆಸರ್‌ನ ಇದ್ದಿಲು ಫಿಲ್ಟರಿನ ಧೂಳು ಇರಬಹುದು. ಈ ಮೂರರಲ್ಲಿ ಯಾವುದೇ ಕಂಡರೂ ಬೇರೆ ಸೆಟ್ ಕೇಳಿ.

ರೆಗ್ಯುಲೇಟರನ್ನು ಸಿಲಿಂಡರ್‌ಗೆ ಜೋಡಿಸಿ, ವಾಲ್ವ್ ತೆರೆಯದೆ ಎರಡೂ ಸೆಕೆಂಡ್ ಸ್ಟೇಜನ್ನು (ನೀವು ಬಳಸುವುದು, ಮತ್ತು ಆಪತ್ತಿನಲ್ಲಿ ಜೊತೆಗಾರರಿಗೆ ಕೊಡಲು ಇರುವ ‘ಆಕ್ಟೋಪಸ್’) ಒಂದೊಂದಾಗಿ ಬಾಯಲ್ಲಿಟ್ಟು ಉಸಿರೆಳೆಯಿರಿ. ಮೊದಲ ಎಳೆತಕ್ಕೆ ಚೂರು ಗಾಳಿ ಬಂದು, ಆಮೇಲೆ ಬಿಗಿಯಾಗಿ ನಿಂತುಬಿಡಬೇಕು. ಗಾಳಿ ಬರುತ್ತಲೇ ಇದ್ದರೆ ಮೇಲೆ ಹೇಳಿದ ಮೂರು ಜಾಗಗಳಲ್ಲಿ ಎಲ್ಲೋ ಸೋರಿಕೆ ಇದೆ. ಗಾಳಿ ಬರುವ ದಾರಿಯಲ್ಲೇ ನೀರೂ ಬರುತ್ತದೆ. ಕಳೆದ ಸಲ ನೀವು ಇದೊಂದನ್ನು ಮಾಡಿದ್ದರೆ ದಡದಲ್ಲೇ ಸೆಟ್ ಬದಲಾಯಿಸಿಕೊಳ್ಳಬಹುದಿತ್ತು.

ಈಗ ಪ್ರೆಶರ್ ಗೇಜಿನ ಗಾಜನ್ನು ಮುಖದಿಂದ ಆಚೆ ತಿರುಗಿಸಿ ವಾಲ್ವನ್ನು ನಿಧಾನವಾಗಿ ಪೂರ್ತಿ ತೆರೆಯಿರಿ. ಗೇಜ್ ನೋಡುತ್ತಾ ನಾಲ್ಕೈದು ಸಲ ಜೋರಾಗಿ ಉಸಿರಾಡಿ. ಮುಳ್ಳು ಅಲುಗಬಾರದು. ಪ್ರತಿ ಉಸಿರಿಗೂ ಕೆಳಗಿಳಿದು ಮತ್ತೆ ಮೇಲೇರುತ್ತಿದ್ದರೆ ವಾಲ್ವ್ ಪೂರ್ತಿ ತೆರೆದಿಲ್ಲ, ಇಲ್ಲವೇ ಫಿಲ್ಟರ್ ಕಟ್ಟಿಕೊಂಡಿದೆ. ಆಳದಲ್ಲಿ ಗಾಳಿ ನಿಂತೇ ಹೋಯಿತು ಎಂದು ಹೇಳುವ ಕಥೆಗಳಲ್ಲಿ ಅರೆತೆರೆದ ವಾಲ್ವಿನ ಪಾತ್ರ ದೊಡ್ಡದು. ದೋಣಿಯ ಮೇಲೆ ಸರಿಯಾಗೇ ಬರುವ ಗಾಳಿ, ಪ್ರತಿ ಉಸಿರಿಗೂ ಮೂರುಪಟ್ಟು ಗಾಳಿ ಬೇಕಾಗುವ 20 ಮೀಟರ್ ಆಳದಲ್ಲಿ ಸಾಲದೆ ಹೋಗುತ್ತದೆ.

ಆಮೇಲೆ ಸೆಕೆಂಡ್ ಸ್ಟೇಜಿನ ಮುಂಭಾಗದಲ್ಲಿರುವ, ಗಾಳಿ ಬಿಡುವ ಪರ್ಜ್ ಬಟನ್ ಒಮ್ಮೆ ಒತ್ತಿ ಬಿಟ್ಟು, ಸೆಟ್ಟನ್ನು ಮುಟ್ಟದೆ ನಾಲ್ಕೈದು ನಿಮಿಷ ಕಾಯಿರಿ. ಮೊದಲು ಸುಮ್ಮನಿದ್ದ ಸೆಕೆಂಡ್ ಸ್ಟೇಜ್ ನಿಮಿಷ ಕಳೆದ ಮೇಲೆ ಸಣ್ಣಗೆ ಬುಸುಗುಟ್ಟಲು ಶುರುಮಾಡಿದರೆ, ಫಸ್ಟ್ ಸ್ಟೇಜಿನ ಸೀಟ್ ಸವೆದು ಒಳಗಿನ ಒತ್ತಡ ಮೆಲ್ಲಗೆ ಏರುತ್ತಿದೆ. ಕೊನೆಗೆ ವಾಲ್ವ್ ಮುಚ್ಚಿ ಮುಳ್ಳನ್ನು ಗಮನಿಸಿ. ಎರಡು ನಿಮಿಷದಲ್ಲಿ ಕಣ್ಣಿಗೆ ಕಾಣುವಷ್ಟು ಇಳಿದರೆ ಎಲ್ಲೋ ಸೋರುತ್ತಿದೆ. ಈ ಕಾಯುವ ಹೊತ್ತಿನಲ್ಲೇ ಹೋಸ್‌ಗಳ ತುದಿಯ ರಬ್ಬರ್ ಕವಚ ಹಿಂದೆ ಸರಿಸಿ, ಲೋಹ ಮತ್ತು ಹೋಸ್ ಸೇರುವ ಕಡೆ ಬಿರುಕಿದೆಯೇ ನೋಡಿಕೊಳ್ಳಿ.

ಕಪಾಟಿನಲ್ಲಿದ್ದ ರೆಗ್ಯುಲೇಟರ್ ‘ಹೊಸದರಂತೆ’ ಇರುವುದಿಲ್ಲ

ಪರಿಚಯದವರ ಸೆಟ್ ವಿಷಯಕ್ಕೆ ಬರೋಣ. ಫಸ್ಟ್ ಸ್ಟೇಜಿನ ಒಳಗೆ ಲೋಹದ ಚೂಪಂಚೊಂದು ಗಟ್ಟಿ ಪ್ಲಾಸ್ಟಿಕ್ ಸೀಟಿನ ಮೇಲೆ ಕೂತು ಗಾಳಿಯನ್ನು ತಡೆಯುತ್ತದೆ. ಸಿಲಿಂಡರಿನ 200 ಬಾರ್ ಒತ್ತಡವನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ 9–10 ಬಾರ್‌ನಷ್ಟೇ ಮೇಲಿರುವಂತೆ ಇಳಿಸುವ ಕೆಲಸ ಈ ಜಾಗದಲ್ಲೇ ನಡೆಯುವುದು. ಸೆಕೆಂಡ್ ಸ್ಟೇಜಿನಲ್ಲೂ ಇದೇ ಬಗೆಯ ಜೋಡಿ ಇದೆ, ಸೀಟ್ ಮಾತ್ರ ಮೆದು ರಬ್ಬರಿನದು. ಬಳಸದೆ ಇಟ್ಟಾಗಲೂ ಸ್ಪ್ರಿಂಗ್ ಆ ರಬ್ಬರನ್ನು ಅಂಚಿಗೆ ಒತ್ತಿಕೊಂಡೇ ಇರುತ್ತದೆ. ವರ್ಷಗಟ್ಟಲೆ ಹಾಗೇ ಇದ್ದರೆ ಸೀಟಿನ ಮೇಲೆ ಬಳೆಯಾಕಾರದ ಆಳವಾದ ಗುರುತು ಬೀಳುತ್ತದೆ, ಆಮೇಲೆ ಸರಿಯಾಗಿ ಮುಚ್ಚುವುದಿಲ್ಲ. ಸೋರದಂತೆ ಕೂರಿಸಿರುವ ರಬ್ಬರ್ ಬಳೆಗಳ, ಅಂದರೆ ಓ-ರಿಂಗ್‌ಗಳ ಗ್ರೀಸ್ ಒಣಗುತ್ತದೆ. ಕೊನೆಯ ಡೈವಿನ ನಂತರ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯದಿದ್ದರೆ ಒಳಗೆ ಉಳಿದ ಉಪ್ಪು ಹರಳುಗಟ್ಟಿ, ಹಿತ್ತಾಳೆಯ ಮೇಲೆ ಹಸಿರು ಕಿಲುಬು ಹಬ್ಬುತ್ತದೆ. ಹೊರಗಿನ ಕ್ರೋಮ್ ಮಾತ್ರ ಫಳಫಳ! ಸರ್ವಿಸ್ ಮೇಜಿಗೆ ಬರುವ ರೆಗ್ಯುಲೇಟರ್‌ಗಳಲ್ಲಿ ಹೊರಗಿನ ಅಂದಕ್ಕೂ ಒಳಗಿನ ಸ್ಥಿತಿಗೂ ತಾಳಮೇಳ ಇರುವುದು ಅಪರೂಪ.

ಹಾಗೆಂದು ಆ ಸೆಟ್ ನಿಷ್ಪ್ರಯೋಜಕ ಅಂತಲ್ಲ. ಮೊದಲು ಮಾಡೆಲ್ ಹೆಸರು ತಿಳಿದುಕೊಂಡು, ಅದರ ಸರ್ವಿಸ್ ಕಿಟ್ ಈಗಲೂ ಸಿಗುತ್ತದೆಯೇ ಎಂದು ಸರ್ವಿಸ್ ಮಾಡುವವರನ್ನೇ ಕೇಳಿ. ಸಿಗುವುದಾದರೆ ಫಸ್ಟ್ ಸ್ಟೇಜ್, ಸೆಕೆಂಡ್ ಸ್ಟೇಜ್, ಆಕ್ಟೋಪಸ್ ಮೂರರ ಪೂರ್ತಿ ಸರ್ವಿಸ್ ಖರ್ಚು, ಜೊತೆಗೆ ಹಳೇ ಹೋಸ್‌ಗಳನ್ನು ಬದಲಿಸುವ ಖರ್ಚನ್ನು ಅವರು ಹೇಳುವ ಬೆಲೆಗೆ ಕೂಡಿಸಿ. ಆ ಮೊತ್ತ ಹೊಸದೊಂದು ಸಾಧಾರಣ ರೆಗ್ಯುಲೇಟರಿನ ಬೆಲೆಯ ಹತ್ತಿರಕ್ಕೆ ಬಂದರೆ ಬಿಟ್ಟುಬಿಡಿ. ಕಿಟ್ ಸಿಗದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.

ಅದೇ ಸೆಟ್ಟಿನಲ್ಲಿ ಫಿನ್ಸ್ ಇದ್ದು ಕಾಲಿಗೆ ಸರಿಹೊಂದಿದರೆ ಧಾರಾಳವಾಗಿ ಕೊಳ್ಳಿ, ಅದರಲ್ಲಿ ಕೆಡುವಂಥದ್ದು ಹೆಚ್ಚೇನಿಲ್ಲ. ಬಿಸಿಡಿ (ಗಾಳಿ ತುಂಬಿ ತೇಲುವಿಕೆ ಹೊಂದಿಸಿಕೊಳ್ಳುವ ಸಾಧನ, ಮೈಮೇಲೆ ತೊಡುವಂಥದ್ದು) ಇದ್ದರೆ ಸೇಫ್ಟಿ ವಾಲ್ವ್ ತಾನಾಗಿ ತೆರೆದುಕೊಳ್ಳುವವರೆಗೆ ಗಾಳಿ ತುಂಬಿ ಒಂದು ರಾತ್ರಿ ಬಿಡಿ, ಬೆಳಿಗ್ಗೆಗೆ ಅದು ಬಹುಮಟ್ಟಿಗೆ ಬಿಗಿಯಾಗಿಯೇ ಇರಬೇಕು. ಅಲ್ಲಾಡಿಸಿದಾಗ ಒಳಗೆ ಹರಳು ಉದುರುವ ಸದ್ದು ಬಂದರೆ ಉಪ್ಪು ಕೂತಿದೆ. ಇನ್‌ಫ್ಲೇಟರ್ ಬಟನ್ ಒತ್ತಿ ಬಿಟ್ಟ ಕೂಡಲೇ ಗಾಳಿ ನಿಲ್ಲಬೇಕು. ಸಿಕ್ಕಿಕೊಳ್ಳುವ ಬಟನ್ ಅಪಾಯಕಾರಿ, ನಿಮ್ಮನ್ನು ಒಂದೇ ಏಟಿಗೆ ಮೇಲಕ್ಕೆ ಹಾರಿಸುತ್ತದೆ. ಹಳೆಯ ಡೈವ್ ಕಂಪ್ಯೂಟರ್ (ಆಳ, ಸಮಯ ನೋಡಿ ಇನ್ನೆಷ್ಟು ಹೊತ್ತು ಕೆಳಗಿರಬಹುದೆಂದು ಲೆಕ್ಕ ಹಾಕುವ ಸಾಧನ) ಕೊಳ್ಳಬೇಡಿ.

ಅಗ್ಗದ ರೆಗ್ಯುಲೇಟರ್ ಗಾಳಿ ನಿಲ್ಲಿಸುತ್ತದೆಯೇ?

ಇಲ್ಲ. ಇಂದಿನ ಸೆಕೆಂಡ್ ಸ್ಟೇಜ್‌ಗಳ ವಾಲ್ವ್, ಗಾಳಿ ಹರಿಯುವ ದಿಕ್ಕಿಗೇ ತೆರೆದುಕೊಳ್ಳುವ ಬಗೆಯದು. ಫಸ್ಟ್ ಸ್ಟೇಜ್ ಕೆಟ್ಟು ಒತ್ತಡ ಏರಿದರೆ, ಆ ಒತ್ತಡವೇ ವಾಲ್ವನ್ನು ತಳ್ಳಿ ತೆರೆದು ಗಾಳಿ ಒಂದೇ ಸಮನೆ ನುಗ್ಗುತ್ತದೆ. ಅದಕ್ಕೆ ಫ್ರೀ ಫ್ಲೋ ಎನ್ನುತ್ತೇವೆ. ಸಿಲಿಂಡರ್ ಕೆಲವೇ ನಿಮಿಷಗಳಲ್ಲಿ ಬರಿದಾಗುತ್ತದೆ, ಆದರೆ ಅಷ್ಟು ಹೊತ್ತು ಉಸಿರಾಡಲು ಗಾಳಿ ಇದ್ದೇ ಇರುತ್ತದೆ. ಮೌತ್‌ಪೀಸನ್ನು ಪೂರ್ತಿ ಕಚ್ಚದೆ, ಹೆಚ್ಚಾದ ಗಾಳಿ ಹೊರಗೆ ಹೋಗಲು ಬಿಟ್ಟು ಉಸಿರಾಡುತ್ತಾ ಮೇಲೇರುವುದನ್ನು ಕೋರ್ಸಿನಲ್ಲಿ ಅಭ್ಯಾಸ ಮಾಡಿಸಿರುತ್ತಾರೆ. ನೀರಿನಡಿ ಗಾಳಿ ನಿಲ್ಲುವುದು ಬಹುಪಾಲು ಸಿಲಿಂಡರ್ ಖಾಲಿಯಾದಾಗ ಅಥವಾ ವಾಲ್ವ್ ಸರಿಯಾಗಿ ತೆರೆಯದಿದ್ದಾಗ. ಎರಡಕ್ಕೂ ರೆಗ್ಯುಲೇಟರಿನ ಬೆಲೆಗೂ ಸಂಬಂಧವಿಲ್ಲ.

ಬೆಲೆಯ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂದರೆ, ಮುಖ್ಯವಾಗಿ ಬ್ಯಾಲೆನ್ಸ್ಡ್ ಮತ್ತು ಅನ್‌ಬ್ಯಾಲೆನ್ಸ್ಡ್ ಎಂಬ ಭೇದದಿಂದ. ಅನ್‌ಬ್ಯಾಲೆನ್ಸ್ಡ್ ಪಿಸ್ಟನ್ ಮಾದರಿಯಲ್ಲಿ ಸಿಲಿಂಡರಿನ ಒತ್ತಡ ಇಳಿದಂತೆ ಸೆಕೆಂಡ್ ಸ್ಟೇಜಿಗೆ ಹೋಗುವ ಒತ್ತಡವೂ ಸ್ವಲ್ಪ ಇಳಿಯುತ್ತದೆ. ಹಾಗಾಗಿ 50 ಬಾರ್ ಹತ್ತಿರ ಬಂದಾಗ ಉಸಿರೆಳೆಯುವುದು ಒಂಚೂರು ಬಿಗಿಯೆನಿಸುತ್ತದೆ. ಒಳಗಿನ ಬಿಡಿಭಾಗಗಳು ಕಡಿಮೆ, ಸರ್ವಿಸ್ ಸುಲಭ, ಒರಟು ಬಳಕೆಗೂ ತಾಳುತ್ತದೆ. ಎಷ್ಟೋ ಡೈವ್ ಶಾಲೆಗಳು ಬಾಡಿಗೆಗೆ ಇದನ್ನೇ ಇಟ್ಟಿರುವುದು ಅದಕ್ಕೇ. ಬ್ಯಾಲೆನ್ಸ್ಡ್ ಮಾದರಿ ಸಿಲಿಂಡರ್ ತುಂಬಿರಲಿ, ಬರಿದಾಗುತ್ತಿರಲಿ, ಒಂದೇ ಹದದಲ್ಲಿ ಕೊಡುತ್ತದೆ. 18–20 ಮೀಟರ್‌ನ ಬೆಚ್ಚಗಿನ ನೀರಿಗೆ ಅನ್‌ಬ್ಯಾಲೆನ್ಸ್ಡ್ ಸಾಕು. ಮುಂದೆ 30 ಮೀಟರಿಗೆ ಇಳಿಯುವ ಆಸೆ ಇದ್ದರೆ, ಅಲ್ಲಿ ಗಾಳಿ ಮುಗಿದ ಜೊತೆಗಾರರಿಗೆ ಆಕ್ಟೋಪಸ್ ಕೊಟ್ಟು ಇಬ್ಬರೂ ಒಂದೇ ಫಸ್ಟ್ ಸ್ಟೇಜಿನಿಂದ ಉಸಿರಾಡಬೇಕಾದ ಸಂದರ್ಭ ಬಂದರೆ, ಬ್ಯಾಲೆನ್ಸ್ಡ್ ಇರುವುದು ಒಳ್ಳೆಯದು. ಯುರೋಪಿನ ಇಎನ್ 250 ಗುಣಮಟ್ಟದ ಗುರುತು ಇರುವುದನ್ನಂತೂ ನೋಡಿಯೇ ಕೊಳ್ಳಿ. ತಣ್ಣೀರಿಗೆಂದು ಮಾಡಿದ, 10 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟದಂತೆ ಸೀಲ್ ಮಾಡಿದ ಮಾದರಿಗೆ ನೀವು ಹೆಚ್ಚು ಹಣ ಕೊಡಬೇಕಾದ ಅಗತ್ಯವಿಲ್ಲ. ಮರಳು, ಉಪ್ಪು ಒಳಗೆ ಹೋಗುವುದನ್ನು ಅದು ತಡೆಯುತ್ತದೆ ನಿಜ. ಆದರೆ ಅಷ್ಟಕ್ಕಾಗಿ ದುಬಾರಿಯದನ್ನು ಕೊಳ್ಳುವುದಕ್ಕಿಂತ ಡೈವ್ ಆದ ಮೇಲೆ ಸರಿಯಾಗಿ ತೊಳೆಯುವುದು ಅಗ್ಗ.

ಕೊಳ್ಳುವ ಕಾಲ ಬಂದಾಗ ಬ್ರ್ಯಾಂಡ್ ಆರಿಸುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಸರ್ವಿಸ್ ಮಾಡುವವರು ನಿಮ್ಮ ಕೈಗೆಟಕುವ ದೂರದಲ್ಲಿ ಇದ್ದಾರೆಯೇ? ಕೆಲವು ಕಂಪನಿಗಳು ವರ್ಷಕ್ಕೊಮ್ಮೆ, ಕೆಲವು ಎರಡು ವರ್ಷಕ್ಕೊಮ್ಮೆ ಅಥವಾ 100 ಡೈವಿಗೊಮ್ಮೆ ಎನ್ನುತ್ತವೆ, ಕೈಪಿಡಿಯಲ್ಲಿ ಇರುತ್ತದೆ. ‘ಜೀವಮಾನವಿಡೀ ಬಿಡಿಭಾಗ ಉಚಿತ’ ಎಂಬ ಕೊಡುಗೆಯ ಕೆಳಗೆ, ಒಂದು ಸರ್ವಿಸ್ ತಪ್ಪಿದರೂ ಕೊಡುಗೆ ರದ್ದು ಎಂಬ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಇನ್ನೊಂದು ಮಾತು. ಸರ್ವಿಸ್‌ನಿಂದ ಬಂದ ರೆಗ್ಯುಲೇಟರನ್ನು ನೇರ ಪ್ರವಾಸಕ್ಕೆ ಒಯ್ಯಬೇಡಿ. ಹೊಸ ಸೀಟ್ ಕೂತುಕೊಳ್ಳುವಾಗ ಹೊಂದಾಣಿಕೆ ಚೂರು ಸರಿಯುವುದುಂಟು, ಬಿಗಿ ಮಾಡದೆ ಉಳಿದ ಹೋಸ್ ಕೂಡ ಉಂಟು. ಒಂದು ಸಲ ಈಜುಕೊಳದಲ್ಲಿ ನೋಡಿ ಆಮೇಲೆ ಹೊರಡಿ.

ಸಿಲಿಂಡರಿಗೆ ಜೋಡಿಸುವುದರಲ್ಲಿ ಯೋಕ್, ಡಿನ್ ಎಂದು ಎರಡು ಬಗೆ. ಯೋಕ್ ಹೊರಗಿನಿಂದ ಹಿಡಿದು ಬಿಗಿಯುವಂಥದ್ದು, 232 ಬಾರ್‌ವರೆಗೆ. ಡಿನ್ ಸಿಲಿಂಡರ್ ವಾಲ್ವಿನೊಳಕ್ಕೇ ತಿರುಪಿ ಕೂರುತ್ತದೆ, 300 ಬಾರಿನದೂ ಸಿಗುತ್ತದೆ. ನಾನು ಹೇಳುವುದು ಡಿನ್ ಕೊಂಡು ಯೋಕ್ ಅಡಾಪ್ಟರ್ ಜೊತೆಗಿಟ್ಟುಕೊಳ್ಳಿ ಎಂದು, ಹೆಚ್ಚುಕಡಿಮೆ ಎಲ್ಲ ಕಡೆ ನಡೆಯುತ್ತದೆ. ಅಡಾಪ್ಟರ್ ಹಾಕಿದಾಗ ಫಸ್ಟ್ ಸ್ಟೇಜ್ ಕೆಲವು ಸೆಂಟಿಮೀಟರ್ ಮುಂದಕ್ಕೆ ಚಾಚಿ ತಲೆಯ ಹಿಂಭಾಗಕ್ಕೆ ತಾಗಬಹುದು, ಅಷ್ಟೇ ಅನನುಕೂಲ.

ಹಾಗಾದರೆ ಈಗ ಕೊಳ್ಳುವುದೇನು?

ಮಾಸ್ಕ್, ಮೊಟ್ಟಮೊದಲು. ಮುಖ ಒಬ್ಬೊಬ್ಬರದೂ ಒಂದೊಂದು ತರಹ, ಬಾಡಿಗೆ ಬುಟ್ಟಿಯಲ್ಲಿ ನಿಮ್ಮ ಮುಖಕ್ಕೆ ಹೊಂದುವುದು ಸಿಕ್ಕರೆ ಅದೃಷ್ಟ. ಅಂಗಡಿಯಲ್ಲಿ ಎಲ್ಲರೂ ಮಾಡುವ ಪರೀಕ್ಷೆ ಎಂದರೆ ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕಿಟ್ಟು ಮೂಗಿನಿಂದ ಉಸಿರೆಳೆದು ಅಂಟಿಕೊಳ್ಳುತ್ತದೆಯೇ ನೋಡುವುದು. ಜೋರಾಗಿ ಎಳೆದರೆ ಯಾವ ಮಾಸ್ಕಾದರೂ ಅಂಟಿಕೊಳ್ಳುತ್ತದೆ! ಹೀಗೆ ಮಾಡಿ. ತಲೆ ಹಿಂದಕ್ಕೆ ವಾಲಿಸಿ ಚಾವಣಿ ನೋಡುತ್ತಾ ಮಾಸ್ಕನ್ನು ಮುಖದ ಮೇಲೆ ಸುಮ್ಮನೆ ಇಡಿ. ಸಿಲಿಕೋನ್ ಅಂಚು ಹಣೆ, ಕಣತಲೆ, ಕೆನ್ನೆ, ಮೇಲ್ದುಟಿ ಎಲ್ಲ ಕಡೆ ತಾನಾಗಿ ಕೂತಿದೆಯೇ ಎಂದು ಜೊತೆಯಲ್ಲಿದ್ದವರು ಸುತ್ತಲೂ ನೋಡಲಿ. ಬೆಳಕು ತೂರುವ ಸಂದು ಇದ್ದರೆ ಅದು ನಿಮ್ಮದಲ್ಲ. ಆಮೇಲೆ ಬಾಯಲ್ಲಿ ಸ್ನಾರ್ಕೆಲನ್ನೋ ಮೌತ್‌ಪೀಸನ್ನೋ ಕಚ್ಚಿಕೊಂಡು, ಮೂಗಿನಿಂದ ತೀರಾ ಸಣ್ಣಗೆ ಉಸಿರೆಳೆದು ತಲೆ ಬಗ್ಗಿಸಿ. ಮೌತ್‌ಪೀಸ್ ಕಚ್ಚಿದಾಗ ಮೂಗಿನ ಪಕ್ಕದ ಗೆರೆಗಳು ಬದಲಾಗುತ್ತವೆ, ಅಂಗಡಿಯಲ್ಲಿ ಸರಿಯಿದ್ದ ಮಾಸ್ಕ್ ನೀರಿನಲ್ಲಿ ಸೋರಲು ಇದೊಂದು ಕಾರಣ. ಮೀಸೆ ಇದ್ದರೆ ಅದರಡಿಯಿಂದ ಚೂರು ನೀರು ಬಂದೇ ಬರುತ್ತದೆ. ಪಟ್ಟಿ ಬಿಗಿದಷ್ಟೂ ಅಂಚು ಸುಕ್ಕಾಗಿ ಇನ್ನೂ ಹೆಚ್ಚು ಸೋರುತ್ತದೆ.

ಮೈನಸ್ 3.5 ಇರುವುದರಿಂದ, ಎರಡು ಗಾಜು ಬೇರೆ ಬೇರೆಯಾಗಿದ್ದು ನಂಬರ್ ಲೆನ್ಸ್ ಹಾಕಲು ಬರುವ ಮಾಡೆಲ್ಲನ್ನೇ ಆರಿಸಿ. ಒಂದೇ ಗಾಜಿನ ಮಾಸ್ಕಿಗೆ ಸಿದ್ಧ ಲೆನ್ಸ್ ಸಿಗುವುದಿಲ್ಲ. ಸಿದ್ಧ ಲೆನ್ಸ್‌ಗಳು ಸಾಮಾನ್ಯವಾಗಿ ಅರ್ಧರ್ಧ ನಂಬರಿನ ಹೆಜ್ಜೆಯಲ್ಲಿ ಬರುತ್ತವೆ, ನಿಮ್ಮದು ಸುಲಭವಾಗಿ ಸಿಕ್ಕೀತು. ಜೊತೆಗೆ ಕಣ್ಣಿನ ಚೀಟಿಯಲ್ಲಿ ಸಿಲಿಂಡರ್ ಪವರ್ (ಅಸ್ಟಿಗ್ಮಾಟಿಸಂ ಸರಿಪಡಿಸುವ ನಂಬರ್) ಕೂಡ ಇದ್ದರೆ ಸಿದ್ಧ ಲೆನ್ಸ್ ಅದನ್ನು ಸರಿಪಡಿಸುವುದಿಲ್ಲ, ಆಗ ಮಾಡಿಸಬೇಕಾಗುತ್ತದೆ. ಮೆದು ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಡೈವ್ ಮಾಡುವವರೂ ಬೇಕಾದಷ್ಟಿದ್ದಾರೆ. ಆದರೆ ಮಾಸ್ಕ್ ತುಂಬಿದಾಗ ಕಣ್ಣು ಮುಚ್ಚಿಕೊಳ್ಳದಿದ್ದರೆ ಲೆನ್ಸ್ ತೇಲಿ ಹೋಗುತ್ತದೆ, ಸಮುದ್ರದ ನೀರು ತಾಗಿದ ಲೆನ್ಸನ್ನು ಮತ್ತೆ ಬಳಸಿದರೆ ಕಣ್ಣಿಗೆ ಸೋಂಕಿನ ಅಪಾಯವೂ ಇದೆ.

ಹೊಸ ಮಾಸ್ಕ್ ಮಂಜುಗಟ್ಟುವುದಕ್ಕೆ ಮುಖ್ಯ ಕಾರಣ ಗಾಜಿನ ಮೇಲೆ ತಯಾರಿಕೆಯಲ್ಲಿ ಉಳಿದ ಸಿಲಿಕೋನಿನ ತೆಳುಪದರ. ಜೆಲ್ ಅಲ್ಲದ ಬಿಳಿ ಟೂತ್‌ಪೇಸ್ಟನ್ನು ಗಾಜಿನ ಒಳಮೈಗೆ ಬೆರಳಲ್ಲಿ ಎರಡು ಮೂರು ನಿಮಿಷ ಚೆನ್ನಾಗಿ ತಿಕ್ಕಿ ತೊಳೆಯಿರಿ. ಹೀಗೆ ಮೂರು ನಾಲ್ಕು ಸಲ. ಆಮೇಲೂ ಪ್ರತಿ ಡೈವಿಗೆ ಮೊದಲು ನೀರು ಬೆರೆಸಿದ ಬೇಬಿ ಶಾಂಪೂ ಸವರಿ ಒಮ್ಮೆ ಅದ್ದಿ ತೆಗೆಯುವುದು ತಪ್ಪುವುದಿಲ್ಲ. ಎಂಜಲು ಹಚ್ಚಿದರೂ ನಡೆಯುತ್ತದೆ. ಲೈಟರ್ ಉರಿಯಿಂದ ಆ ಪದರ ಸುಡುವ ಉಪಾಯ ಹೇಳುವವರಿದ್ದಾರೆ. ಚೌಕಟ್ಟು ಪ್ಲಾಸ್ಟಿಕ್‌ನದು, ಅಂಚು ಸಿಲಿಕೋನಿನದು, ಕೈ ತಪ್ಪಿದರೆ ಮಾಸ್ಕೇ ಹೋಯಿತು. ಒಳಮೈಗೆ ಮಂಜು ತಡೆಯುವ ಲೇಪ ಮೊದಲೇ ಇರುವ ಮಾಸ್ಕಾದರೆ ಟೂತ್‌ಪೇಸ್ಟನ್ನೂ ಮುಟ್ಟಿಸಬೇಡಿ.

ಎರಡನೆಯದು ಡೈವ್ ಕಂಪ್ಯೂಟರ್. ಈಗ ದೊಡ್ಡ ಖರ್ಚು ಅಂತ ಒಂದನ್ನು ಮಾಡುವುದಾದರೆ ಇದಕ್ಕೇ ಮಾಡಿ ಎನ್ನುತ್ತೇನೆ. ಒಂದರ ಮೇಲೊಂದು ಡೈವ್ ಮಾಡಿದಾಗ ನಿಮ್ಮ ಮೈಯಲ್ಲಿ ಉಳಿದ ನೈಟ್ರೋಜನ್ ಲೆಕ್ಕ ನಿಮ್ಮ ಜೊತೆಗೇ ಇದ್ದ ಕಂಪ್ಯೂಟರಿಗೆ ಮಾತ್ರ ಗೊತ್ತು. ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಬಾಡಿಗೆ ಕಂಪ್ಯೂಟರ್ ಕಟ್ಟಿಕೊಂಡರೆ ಎರಡನೆಯದು ನೀವು ಆವತ್ತು ಮೊದಲ ಸಲ ಇಳಿಯುತ್ತಿದ್ದೀರಿ ಎಂದೇ ಲೆಕ್ಕ ಹಾಕುತ್ತದೆ. ಕೆಳಗೆ ಇರಬಹುದಾದ ಸಮಯವನ್ನು ನಿಜಕ್ಕಿಂತ ಹೆಚ್ಚು ತೋರಿಸುತ್ತದೆ. ಅದೇ ಕಾರಣಕ್ಕೆ ಜೊತೆಗಾರರ ಕಂಪ್ಯೂಟರ್ ನೋಡಿಕೊಂಡು ಇಬ್ಬರೂ ಡೈವ್ ಮಾಡುವುದೂ ಸಲ್ಲದು.

ಆರಂಭದ ಮಾಡೆಲ್ ಧಾರಾಳ ಸಾಕು. ನೋಡಬೇಕಾದ್ದು ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿರುವ ಗಾಳಿ) ಹೊಂದಿಸುವ ಸೌಲಭ್ಯ, ನೀವೇ ಬದಲಿಸಬಹುದಾದ ಅಥವಾ ಚಾರ್ಜ್ ಮಾಡಬಹುದಾದ ಬ್ಯಾಟರಿ, ದೊಡ್ಡ ಅಂಕಿಗಳ ಪರದೆ. ಬಣ್ಣದ ಪರದೆ ಅಂಗಡಿಯಲ್ಲಿ ಚೆಂದ ಕಾಣುತ್ತದೆ. ನಿಮಗೆ ಮುಖ್ಯ, ಮಾಸ್ಕಿನ ನಂಬರ್ ಲೆನ್ಸ್ ಮೂಲಕ ತೋಳಳತೆಯಲ್ಲಿ ಅಂಕಿ ಓದಲು ಆಗುತ್ತದೆಯೇ ಎಂಬುದು. ಒಳಗಿನ ಲೆಕ್ಕಾಚಾರ ಒಂದೊಂದು ಕಂಪನಿಯದು ಒಂದೊಂದು. ಸ್ವಿಟ್ಜರ್ಲೆಂಡಿನ ಆಲ್ಬರ್ಟ್ ಬ್ಯೂಲ್‌ಮನ್ ರೂಪಿಸಿದ ಮಾದರಿಯ ಮೇಲೆ ನಡೆಯುವವು ಬಹಳ. ಒಂದೇ ಡೈವಿನಲ್ಲಿ ಎರಡು ಕಂಪ್ಯೂಟರ್ ಬೇರೆ ಬೇರೆ ನಿಮಿಷ ತೋರಿಸಿದರೆ ಯಾವುದೂ ಕೆಟ್ಟಿಲ್ಲ, ಎಚ್ಚರಿಕೆಯ ಮಟ್ಟ ಬೇರೆಯಷ್ಟೇ. ಕಡಿಮೆ ತೋರಿಸುವುದನ್ನು ಇಬ್ಬರೂ ಪಾಲಿಸಿ. ಸಿಲಿಂಡರಿನ ಒತ್ತಡವನ್ನು ವೈರ್‌ಲೆಸ್ಸಾಗಿ ತೋರಿಸುವ ಟ್ರಾನ್ಸ್‌ಮಿಟರ್ ಒಳ್ಳೆಯ ಅನುಕೂಲ, ಅಗತ್ಯವೇನಲ್ಲ.

ಫಿನ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಟ್ಟಿ ಫಿನ್ ವೇಗ ಹೆಚ್ಚಿಸುತ್ತದೆ ಎಂಬುದು ಬಲವಾದ ಕಾಲಿನವರಿಗೆ ಮಾತ್ರ ನಿಜ, ಉಳಿದವರಿಗೆ ಮೀನಖಂಡ ಹಿಡಿದುಕೊಳ್ಳುತ್ತದೆ. ದೋಣಿಯಿಂದಲೇ ಇಳಿಯುವವರಿಗೆ ಪಾದ ಪೂರ್ತಿ ಮುಚ್ಚುವಂಥದ್ದು ಹಗುರ. ಕಲ್ಲಿನ ದಡದಿಂದ ನಡೆದು ಇಳಿಯುವುದಾದರೆ ಬೂಟ್ ಹಾಕಿ ಹಿಮ್ಮಡಿಗೆ ಪಟ್ಟಿ ಬಿಗಿಯುವಂಥದ್ದು, ಅದನ್ನು ಬೂಟ್ ಹಾಕಿಕೊಂಡೇ ಅಳತೆ ನೋಡಬೇಕು.

ವೆಟ್‌ಸೂಟ್ ಸ್ವಂತದ್ದೇ ಆಗಿದ್ದರೆ ಚೆನ್ನ. ಬಾಡಿಗೆ ಸೂಟಿನೊಳಗೆ ಹಿಂದಿನವರು ಏನೇನು ಮಾಡಿದ್ದರು ಎಂದು ಯೋಚಿಸದಿರುವುದೇ ಕ್ಷೇಮ! 26–29 ಡಿಗ್ರಿ ನೀರಿಗೆ 3 ಮಿಲಿಮೀಟರ್ ದಪ್ಪ ಸಾಕು, 22–25ಕ್ಕೆ 5 ಬೇಕು. ಹಾಕಿಕೊಂಡು ಸೊಂಟದ ಹಿಂಭಾಗ, ಕಂಕುಳು, ತೊಡೆಸಂದಿ ನೋಡಿ. ಅಲ್ಲಿ ಬಟ್ಟೆ ಮೈಬಿಟ್ಟು ನಿಂತಿದ್ದರೆ ಪ್ರತಿ ಚಲನೆಗೂ ಹೊಸ ತಣ್ಣೀರು ನುಗ್ಗುತ್ತದೆ, ಆಗ ದಪ್ಪ ಎಷ್ಟಿದ್ದರೂ ದಂಡ. ಹೊಸ ನಿಯೋಪ್ರೀನ್ (ಸೂಟಿನ ರಬ್ಬರ್) ಹಳೆಯದಕ್ಕಿಂತ ಹೆಚ್ಚು ತೇಲಿಸುತ್ತದೆ. ಮೊದಲ ಡೈವಿನ ಕೊನೆಗೆ, 50 ಬಾರ್ ಉಳಿದಾಗ, 5 ಮೀಟರ್‌ನಲ್ಲಿ ಬಿಸಿಡಿ ಖಾಲಿ ಮಾಡಿ ನಿಲ್ಲಲು ಆಗುತ್ತದೆಯೇ ನೋಡಿ ಸೀಸದ ತೂಕ ಹೊಂದಿಸಿಕೊಳ್ಳಿ.

ಬಿಸಿಡಿ ಇನ್ನೂ ಇಪ್ಪತ್ತು ಮೂವತ್ತು ಡೈವ್ ಆಗುವವರೆಗೆ ಬಾಡಿಗೆಯದೇ ಇರಲಿ. ಜಾಕೆಟ್ ಮಾದರಿ ಬೇಕೋ ಬೆನ್ನ ಹಿಂದೆ ಉಬ್ಬುವ ಮಾದರಿಯೋ ಎಂಬುದು ಎರಡರಲ್ಲೂ ಈಜಿದ ಮೇಲೇ ತಿಳಿಯುವುದು. ಆಗ ‘ಹೆಚ್ಚು ಎತ್ತುವುದು ಹೆಚ್ಚು ಸುರಕ್ಷಿತ’ ಎಂಬ ಮಾತಿಗೆ ಮರುಳಾಗಬೇಡಿ. 11.1 ಲೀಟರಿನ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ ತುಂಬಿದ ಗಾಳಿಯ ತೂಕವೇ ಸುಮಾರು 2.7 ಕಿಲೋ. ಡೈವ್ ಮುಗಿಯುವಾಗ ಅದರಲ್ಲಿ ಹೆಚ್ಚಿನದು ಇರುವುದಿಲ್ಲ, ಆದ್ದರಿಂದ ಶುರುವಿನಲ್ಲಿ ಅಷ್ಟು ಭಾರ ಹೆಚ್ಚಿರಲೇಬೇಕು. ಆಳದಲ್ಲಿ ತೆಳು ಸೂಟ್ ಕುಗ್ಗಿ ಕಳೆದುಕೊಳ್ಳುವ ತೇಲುವಿಕೆ ಇನ್ನೊಂದೆರಡು ಕಿಲೋ. ಬಿಸಿಡಿ ಸರಿದೂಗಿಸಬೇಕಾದ್ದು ಸರಿಸುಮಾರು ಇಷ್ಟೇ, ನೀರಿನ ಮೇಲೆ ತಲೆ ಎತ್ತಿ ತೇಲಲು ಇನ್ನಷ್ಟು ಸೇರಿಸಿದರೂ 10–14 ಕಿಲೋ ಎತ್ತುವುದು ನಿಮ್ಮ ಬಳಕೆಗೆ ಸಾಕು. ಅದಕ್ಕಿಂತ ದೊಡ್ಡದು ನೀರಿನಲ್ಲಿ ಎಳೆತ ಹೆಚ್ಚಿಸುತ್ತದೆ.

ಅಂಗಡಿಯ ರಿಯಾಯಿತಿ ಸೆಟ್ಟಿನ ಬಗ್ಗೆಯೂ ಇದೇ ಲೆಕ್ಕ. ಅದರಲ್ಲಿ ಬಹಳ ಸಲ ಒಳ್ಳೆಯ ರೆಗ್ಯುಲೇಟರ್ ಜೊತೆಗೆ ಮಾರಾಟವಾಗದೆ ಉಳಿದ ಬಿಸಿಡಿ, ಹಳೆ ಮಾಡೆಲ್ ಕಂಪ್ಯೂಟರ್ ಸೇರಿರುತ್ತವೆ. ಬಿಡಿಬಿಡಿಯಾಗಿ ನೋಡಿದಾಗ ನೀವೇ ಆರಿಸುತ್ತಿದ್ದಂಥವು ಎಲ್ಲವೂ ಆಗಿದ್ದರೆ ಮಾತ್ರ ಅದು ರಿಯಾಯಿತಿ. ಉಳಿದ ಹಣದಲ್ಲಿ ಮಾರ್ಕರ್ ಬಾಯ್ (ಗಾಳಿ ತುಂಬಿದರೆ ನೀರಿನ ಮೇಲೆ ನೆಟ್ಟಗೆ ನಿಲ್ಲುವ ತೇಲುಗುರುತು), ಅದಕ್ಕೊಂದು ಸುರುಳಿ ದಾರ, ಸೀಟಿ ಕೊಳ್ಳಿ. ಪ್ರವಾಹದಲ್ಲಿ ದೋಣಿಯಿಂದ ದೂರ ಹೋದಾಗ ಅಲೆಗಳ ನಡುವೆ ಬರಿ ತಲೆ ಯಾರಿಗೂ ಕಾಣುವುದಿಲ್ಲ, ನಿಂತ ಕಿತ್ತಳೆ ಬಣ್ಣದ ಬಾಯ್ ಕಾಣುತ್ತದೆ.

ಸಿಲಿಂಡರ್‌ಗಳು

ಪುಟ್ಟ ಸಿಲಿಂಡರ್ ವಿಷಯದಲ್ಲಿ ಲೆಕ್ಕವೇ ಉತ್ತರ ಹೇಳುತ್ತದೆ. ಅರ್ಧ ಲೀಟರ್, 200 ಬಾರ್ ಎಂದರೆ 100 ಲೀಟರ್ ಗಾಳಿ. ಗಾಬರಿಯಿಲ್ಲದ ಡೈವರ್ ನೀರಿನ ಮೇಲೆ ನಿಮಿಷಕ್ಕೆ ಸುಮಾರು 15–20 ಲೀಟರ್ ಉಸಿರಾಡುತ್ತಾರೆ. 10 ಮೀಟರ್‌ನಲ್ಲಿ ಒತ್ತಡ ಎರಡು ಪಟ್ಟು, ಖರ್ಚೂ ಎರಡು ಪಟ್ಟು. ನಿಮಿಷಕ್ಕೆ 40 ಲೀಟರ್ ಹಿಡಿದರೆ ಎರಡೂವರೆ ನಿಮಿಷ. 20 ಮೀಟರ್‌ನಲ್ಲಿ ಎರಡು ನಿಮಿಷಕ್ಕೂ ಕಡಿಮೆ. ಅಲ್ಲಿಂದ ನಿಮಿಷಕ್ಕೆ 9–10 ಮೀಟರ್ ವೇಗದಲ್ಲಿ ಏರುವುದಕ್ಕೇ ಎರಡು ನಿಮಿಷ ಬೇಕು, ಗಾಬರಿಯಾದಾಗ ಉಸಿರಿನ ಖರ್ಚು ಇನ್ನೂ ಹೆಚ್ಚು. ಕೈಪಂಪಿನಿಂದ ತುಂಬಿಸುವಂಥದ್ದಾದರೆ ಒಳಗೆ ಹೋಗುವ ಗಾಳಿಯ ತೇವ, ಕೊಳೆ ಸೋಸಲು ಸರಿಯಾದ ಫಿಲ್ಟರ್ ಇರುವುದಿಲ್ಲ. ಅದರ ನಿಜವಾದ ಅಪಾಯ ಬೇರೆ ಕಡೆ ಇದೆ: ತರಬೇತಿ ಇಲ್ಲದ ಮನೆಯವರೋ ಮಕ್ಕಳೋ ಆಟಕ್ಕೆಂದು ಅದನ್ನು ಕಚ್ಚಿಕೊಂಡು ಎರಡು ಮೀಟರ್ ಕೆಳಗೆ ಉಸಿರೆಳೆದು, ಉಸಿರು ಹಿಡಿದುಕೊಂಡೇ ಮೇಲೆ ಬಂದರೂ ಶ್ವಾಸಕೋಶ ಹರಿಯಬಹುದು. ಆಪತ್ತಿಗೆ ಪ್ರತ್ಯೇಕ ಗಾಳಿ ಬೇಕೇ ಬೇಕೆನ್ನುವವರು 3 ಲೀಟರಿನ ಸಿಲಿಂಡರಿಗೆ ಅದರದೇ ರೆಗ್ಯುಲೇಟರ್ ಜೋಡಿಸಿ ಒಯ್ಯುತ್ತಾರೆ. 600 ಲೀಟರ್ ಸಿಗುತ್ತದೆ. ಜೊತೆಗಾರರ ಹತ್ತಿರವೇ ಇರುವ ನಿಮ್ಮ ಹಂತದಲ್ಲಿ ಅದೂ ಬೇಡ.

ದೊಡ್ಡ ಸಿಲಿಂಡರ್ ಕೊಳ್ಳಲೇಬೇಡಿ. ಡೈವಿಗೆ ಹೋದ ಕಡೆ ಅದು ಸಿಕ್ಕೇ ಸಿಗುತ್ತದೆ. ವಿಮಾನದಲ್ಲಿ ಒಯ್ಯುವುದಾದರೆ ವಾಲ್ವ್ ಬಿಚ್ಚಿ ಒಳಗೆ ಖಾಲಿ ಇರುವುದನ್ನು ತೋರಿಸಬೇಕಾಗುತ್ತದೆ. ಒಳಗಿನ ತಪಾಸಣೆ, ಕೆಲವು ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ ಎಂದು ಖರ್ಚು ತಪ್ಪುವುದಿಲ್ಲ. ಆ ಪರೀಕ್ಷೆಯ ತಾರೀಖು ಸಿಲಿಂಡರಿನ ಭುಜದ ಮೇಲೆ ಒತ್ತಿರುತ್ತದೆ, ದಾಟಿದ್ದರೆ ತುಂಬಿಸಿಕೊಡುವುದಿಲ್ಲ. ಪರಿಚಯದವರ ಸೆಟ್ಟಿನ ಜೊತೆ ಸಿಲಿಂಡರೂ ಪುಕ್ಕಟೆ ಬರುವುದಾದರೆ ತಯಾರಾದ ವರ್ಷ ಓದಿ. 1990ಕ್ಕಿಂತ ಹಿಂದಿನ ಅಲ್ಯೂಮಿನಿಯಂ ಸಿಲಿಂಡರ್‌ಗಳಲ್ಲಿ ಹಲವು 6351 ಎಂಬ ಮಿಶ್ರಲೋಹದವು. ಬರೀ ತುಂಬಿದ ಒತ್ತಡದಲ್ಲಿ ಇದ್ದ ಮಾತ್ರಕ್ಕೇ ಇವುಗಳ ಕುತ್ತಿಗೆಯ ಬಳಿ ಬಿರುಕು ಬೆಳೆಯುತ್ತದೆ, ತುಂಬುವಾಗ ಸಿಡಿದದ್ದೂ ಇದೆ. ಬಹಳ ಕಡೆ ಅವನ್ನು ತುಂಬಿಸಲು ಒಪ್ಪುವುದೇ ಇಲ್ಲ. ಅಂಥದ್ದನ್ನು ಮನೆಗೆ ತರಬೇಡಿ, ಅವರ ಮನೆಯಲ್ಲೂ ತುಂಬಿಟ್ಟುಕೊಳ್ಳಬಾರದೆಂದು ಹೇಳಿ.